ಸೆರಗಿಲ್ಲದ ಸೀರೆಗಳು

ನಮ್ಮ ಮನೆಗೆ ಹೊಸ ಇಳಕಲ್ ಸೀರೆ ಬಂದರೆ ಉಡುವ ಮೊದಲು ಅದರ ಸೆರಗು ಕತ್ತರಿಸುತ್ತಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ, ಮೇಲೆ ಸೀರೆ ಹರಡಿ, ಆಯಿ ಕೈಕಾಲು ತೊಳೆದುಕೊಂಡು ಬರುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು, ಹೆಸರು ಯಮನವ್ವ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ನೇಯುವವರು ಮಗ್ಗದ ಮೇಲೆ ಎರಡರ ಎಳೆಗಳನ್ನೂ ಕೊಂಡಿಗೆ ಕೊಂಡಿ ಸಿಕ್ಕಿಸಿ ಕೂಡಿಸುತ್ತಾರೆ. ಒಡಲು ಹತ್ತಿಯದು, ಕಪ್ಪೋ ಹಸಿರೋ. ಸೆರಗು ಕೆಂಪು ರೇಷ್ಮೆ, ಅದರ ಮೇಲೆ ಹಣಿಗೆಯ ಹಲ್ಲಿನಂಥ ಬಿಳಿಯ ಸಾಲುಗಳು. ಆಯಿ ಕಣ್ಣು ಮುಚ್ಚಿಕೊಂಡು ಆ ಕೂಡಿದ ಜಾಗವನ್ನು ಬೆರಳಿನಿಂದ ಹುಡುಕುತ್ತಿದ್ದಳು. ಸಿಕ್ಕಿತೆಂದರೆ ‘ಹೂಂ’ ಎಂದು ಕೈ ಚಾಚುತ್ತಿದ್ದಳು. ಕತ್ತರಿ ಕೊಡುವುದು ನನ್ನ ಕೆಲಸ, ಸೀರೆಯನ್ನು ಬಿಗಿಯಾಗಿ ಹಿಡಿಯುವುದು ಅವ್ವನ ಕೆಲಸ. ಕತ್ತರಿ ಹತ್ತಿಯ ಮೇಲೆ ನಡೆದಾಗ ಒಂದು ಸಪ್ಪಳ, ರೇಷ್ಮೆಗೆ ತಾಗಿದಾಗ ಇನ್ನೊಂದು. ಕತ್ತರಿಸಿದ ಮೇಲೆ ಅವ್ವ ಸೆರಗಿನಿಂದ ಒಂದು ಕೆಂಪು ಎಳೆ ಕಿತ್ತು, ಗೋಡೆಯ ಮಾಡದಲ್ಲಿದ್ದ ಬನಶಂಕರಿಯ ಪಟಕ್ಕೆ ಏರಿಸಿ ಕೈ ಮುಗಿಯುತ್ತಿದ್ದಳು. ಅಂದು ಮನೆಯಲ್ಲಿ ಗೋಧಿ ಹುಗ್ಗಿ.

ಅದು ಬನಶಂಕರವ್ವನ ಹರಕೆ ಎಂದು ನಮಗೆ ಹೇಳಿದ್ದರು. ಅಪ್ಪ ಹೊಟ್ಟೆಯಲ್ಲಿದ್ದಾಗಲೇ ಮುತ್ಯಾ, ಅಂದರೆ ಆಯಿಯ ಗಂಡ, ಚಕ್ಕಡಿಯಿಂದ ಬಿದ್ದು ಸತ್ತ. ಹುಟ್ಟುವ ಕೂಸಾದರೂ ಬದುಕಲಿ ಎಂದು ಆಯಿ ಬನಶಂಕರಿಯ ಗುಡಿಯಿರುವ ಚೊಳಚಗುಡ್ಡಕ್ಕೆ ಹೋಗಿ, ಈ ಮನೆಯ ಹೆಂಗಸರು ಸೆರಗು ಹೊದೆಯುವುದಿಲ್ಲ ಎಂದು ಬೇಡಿಕೊಂಡಳು. ಅಪ್ಪ ಬದುಕಿದ. ಇದಿಷ್ಟು ಕತೆ. ಅವ್ವ ಬಾದಾಮಿ ಕಡೆಯ ಹಳ್ಳಿಯಿಂದ ಬಂದ ಸೊಸೆ; ಬನಶಂಕರಿ ಅವಳ ತವರಿನ ದೇವರು. ಹಾಗಾಗಿ ಈ ಹರಕೆಯನ್ನು ಅವಳು ಆಯಿಗಿಂತ ಹೆಚ್ಚು ನಿಷ್ಠೆಯಿಂದ ನಡೆಸುತ್ತಿದ್ದಳು. ಓಣಿಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು ಕೂಡ. ಮಕ್ಕಳು ನಿಲ್ಲದ ಮನೆಯವಳೊಬ್ಬಳು ಬಂದು ತಾನೂ ಹಿಡಿಯುತ್ತೇನೆ ಎಂದಳು. ಅವಳಿಗೆ ಗಂಡು ಹುಟ್ಟಿತು. ಅದನ್ನು ನೋಡಿ ಇನ್ನೆರಡು ಮನೆಯವರು ಹಿಡಿದರು. ಅವರೆಲ್ಲ ಹೊಸ ಸೀರೆ ಹಿಡಿದು ನಮ್ಮ ಪಡಸಾಲೆಗೇ ಬರುತ್ತಿದ್ದರು. ಆಯಿ ಅವರ ಸೀರೆಗೂ ಕತ್ತರಿ ಹಾಕುತ್ತಿದ್ದಳು. ಅವರು ಅವಳ ಕಾಲಿಗೆ ಬೀಳುವಾಗ ಆಯಿ ಕಾಲು ಹಿಂದೆ ಎಳೆದುಕೊಳ್ಳುತ್ತಿದ್ದುದನ್ನು ನಾನು ಅವಳ ಸಂಕೋಚ ಎಂದುಕೊಂಡಿದ್ದೆ.

ಹುನಗುಂದ ಮತ್ತು ಅಮೀನಗಡದ ನಡುವೆ, ಹೆದ್ದಾರಿಯಿಂದ ಒಳಗೆ ನಡೆದು ಹೋಗುವ ಊರು ನಮ್ಮದು. ಊರವರು ನಮ್ಮ ಭಾಗವನ್ನು ಹೊಲಗೇರಿ ಎನ್ನುತ್ತಿದ್ದರು. ನಾವು ಓಣಿ ಎನ್ನುತ್ತಿದ್ದೆವು. ಮನೆಗೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ. ಪಡಸಾಲೆ, ಅಡುಗೆಮನೆ, ಅದರ ಹಿಂದೆ ಜೋಳದ ಗಡಿಗೆಗಳ ಕತ್ತಲೆಕೋಣೆ. ಬೆಳಕಿಂಡಿಯ ಬಿಸಿಲು ಒಲೆಯ ಹತ್ತಿರ ಬಂದಾಗ ಅವ್ವ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ನಮ್ಮಲ್ಲಿ ಗಡಿಯಾರ ಅದೇ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಬ್ಬಕ್ಕೊಮ್ಮೆ ಅಪ್ಪ ಅಮೀನಗಡದಿಂದ ತರುತ್ತಿದ್ದ ಕರದಂಟು. ಕತ್ತರಿಸಿದ ಸೆರಗುಗಳು ಕೌದಿಗೆ ಹೋಗುತ್ತಿದ್ದವು. ಆಯಿ ಅವನ್ನು ಹಳೆಯ ಬಟ್ಟೆಗಳ ಜೊತೆ ಸೇರಿಸಿ ಹೊಲಿಯುತ್ತಿದ್ದಳು, ಆದರೆ ಕೆಂಪು ಭಾಗ ಸದಾ ಒಳಗೆ. ನಾನೂ, ಮುಂದೆ ದುಡಿಯಲು ಊರು ಬಿಟ್ಟ ಅಣ್ಣನೂ ಚಿಕ್ಕವರಿದ್ದಾಗ ಕೌದಿಯ ತೂತುಗಳಲ್ಲಿ ಬೆರಳು ತೂರಿಸಿ ರೇಷ್ಮೆ ಹುಡುಕುವ ಆಟ ಆಡುತ್ತಿದ್ದೆವು. ಅಪ್ಪ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಮಾಡುತ್ತಿದ್ದ. ಟಾಕಿಯ ಗಾಲಿ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ ಅವನ ಹೆಗಲ ಮೇಲಿರುತ್ತಿತ್ತು. ಯಾವ ಓಣಿಗೆ ಎಷ್ಟು ಹೊತ್ತು ನೀರು ಎಂಬುದು ಅವನ ಕೈಯಲ್ಲಿದೆ ಎಂದು ನಾನು ಜಂಬಪಡುತ್ತಿದ್ದೆ. ಅದು ಗೌಡರ ವಾಡೆಯಿಂದ ಬಂದ ಕೆಲಸ, ವಾಡೆಯವರು ಬೇಡ ಎಂದ ದಿನ ಹೋಗುವ ಕೆಲಸ ಎಂಬುದು ನನಗೆ ಗೊತ್ತಿರಲಿಲ್ಲ.

ಆಯಿ ಮಾತುಗಾರ್ತಿ. ಓಣಿಯಲ್ಲಿ ಯಾರು ಹೇಗೆ ನಡೆಯುತ್ತಾರೆ ಎಂಬುದನ್ನು ನಡೆದು ತೋರಿಸುತ್ತಿದ್ದಳು. ಅಪ್ಪ ಕೀಲಿ ಹೊತ್ತು ಹೊರಟರೆ ಹಿಂದಿನಿಂದ ಕೂಗುತ್ತಿದ್ದಳು:

“ಹೊಂಟ ನೋಡ್ರಿ ಗದಾ ಹೊತ್ತ ಭೀಮ! ಲೇ ಭೀಮಾ, ನಮ್ಮ ಓಣಿಗೆ ಒಂದ ಕೊಡ ಜಾಸ್ತಿ ಬಿಡೋ.”

“ನೀ ಸುಮ್ನಿರಬೇ, ಯಾರರ ಕೇಳ್ಯಾರು,” ಎನ್ನುತ್ತಿದ್ದ ಅಪ್ಪ. ಯಾರಾದರೂ ಕೇಳಿಯಾರು ಎಂಬುದು ಅಪ್ಪನ ಎಲ್ಲ ಮಾತಿನ ಕೊನೆಯಲ್ಲೂ ಇರುತ್ತಿತ್ತು. ಆಯಿ ಎಲ್ಲದರ ಬಗ್ಗೆಯೂ ಮಾತಾಡುತ್ತಿದ್ದಳು, ಮುತ್ಯಾನ ಬಗ್ಗೆ ಮಾತ್ರ ಇಲ್ಲ. ಕೇಳಿದರೆ, “ಚಕ್ಕಡಿಯಿಂದ ಬಿದ್ದ. ಹೋದ. ಏಳು, ಕೋಳಿ ಮುಚ್ಚು,” ಎಂದು ಎಬ್ಬಿಸುತ್ತಿದ್ದಳು.

ನಾನು ಬಾಗಲಕೋಟೆಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದೆ. ಕೊನೆಯ ವರ್ಷದ ಬೀಳ್ಕೊಡುಗೆಗೆ ಎಲ್ಲರೂ ಇಳಕಲ್ ಸೀರೆ ಉಡುವುದೆಂದು ಮಾತಾಯಿತು. ಸ್ಕಾಲರ್‌ಶಿಪ್ ಕೂಡಿಟ್ಟು, ಗೆಳತಿಯ ಜೊತೆ ಇಳಕಲ್ಲಿಗೇ ಹೋಗಿ ಒಂದು ಸೀರೆ ತಂದೆ. ಅದು ನನ್ನ ಮೊದಲ ಸೀರೆ. ಕತ್ತರಿಸಬೇಕೆಂಬುದು ಗೊತ್ತಿತ್ತು, ಕತ್ತರಿಸಲು ಒಪ್ಪಿಯೂ ಇದ್ದೆ. ಆದರೆ ಅದಕ್ಕೆ ಮೊದಲು ಒಂದು ಸಲ, ಇಡಿಯ ಸೆರಗು ಹೊದ್ದ ನನ್ನನ್ನು ಆಯಿ ನೋಡಲಿ ಎನಿಸಿತು. ಕಾರ್ಯಕ್ರಮ ಮುಗಿಸಿ ಅದೇ ಸೀರೆಯಲ್ಲಿ ಬಸ್ಸು ಹತ್ತಿದೆ. ಕ್ರಾಸಿನಲ್ಲಿ ಇಳಿದಾಗ ಮಧ್ಯಾಹ್ನ. ಬಿಸಿಲಿಗೆ ಸೆರಗು ತಲೆಯ ಮೇಲೆ ಎಳೆದುಕೊಂಡು ಊರ ಅಗಸಿಯ ತನಕ ನಡೆದೆ. ಅಗಸಿ ಎಂದರೆ ಊರಬಾಗಿಲು. ಅದರ ಎರಡೂ ಕಡೆ ಕಟ್ಟೆ. ಅಲ್ಲಿ ಆರೇಳು ಗಂಡಸರು ಕೂತಿದ್ದರು. ನಡುವೆ ವಾಡೆಯ ಸಣ್ಣಗೌಡ, ಅಪ್ಪನ ವಯಸ್ಸಿನವನು. ಅವನೇ ಕೇಳಿದ:

“ಯಾರ ಮಗಳವ್ವಾ ನೀ?”

“ನೀರ ಬಿಡು ಫಕೀರಪ್ಪನ ಮಗಳ್ರಿ.”

“ಹೌದ? ನಿಮ್ಮ ಮನ್ಯಾಗ ಸೆರಗ ಹೊಚ್ಚೂ ಪದ್ಧತಿ ಯಾವಾಗ ಸುರು ಆತು?”

ನಾನು ನಕ್ಕೆ. ನಕ್ಕದ್ದು ಇಂದಿಗೂ ನೆನಪಿದೆ. ಊರ ಹಿರಿಯರಿಗೆ ನಮ್ಮ ಮನೆಯ ಹರಕೆ ಗೊತ್ತಿದೆಯಲ್ಲ ಎಂದು ಸಂತೋಷವೇ ಆಗಿತ್ತು.

“ಹರಕಿ ಮುರಿಯಂಗಿಲ್ರಿ. ಮನಿಗೆ ಹೋಗಿ ಕತ್ತರಸ್ತೇವ್ರಿ. ಬನಶಂಕರವ್ವಗ ನಡಕೊಂಡದ್ದದು.”

ಕಟ್ಟೆಯ ಮೇಲೆ ಯಾರೋ ಕೆಮ್ಮಿದಂತೆ ನಕ್ಕರು, ಅನಂತರ ಎಲ್ಲರೂ.

“ಹರಕಿ ಅಂತಲೇ! ಕೇಳಿದ್ರ್ಯಾ? ನಮ್ಮಪ್ಪನ್ನ ಬನಶಂಕರವ್ವನ್ನ ಮಾಡ್ಯಾರಲೇ ಇವರು!”

ಹಾಗೆಂದು ಸಣ್ಣಗೌಡ ಕಟ್ಟೆಯಿಂದ ಇಳಿದು ಬಂದ. ಸೆರಗಿನ ತುದಿ ಹಿಡಿದು ಕೈಗೆ ಒಂದು ಸುತ್ತು ಸುತ್ತಿಕೊಂಡ. ಸಿಟ್ಟೇನೂ ಇರಲಿಲ್ಲ ಮುಖದಲ್ಲಿ. ಎಮ್ಮೆಯ ಹಗ್ಗ ಹಿಡಿದವನ ಹಾಗಿದ್ದ.

“ನಿಮ್ಮ ಮುತ್ಯಾನ್ನ ಕೇಳು, ಯಾವ ದೇವ್ರ ಹರಕಿ ಅಂತ. ಓ, ಅಂವ ಇಲ್ಲಲ್ಲ! ಇಲ್ಲೇ ಬಿದ್ದಿದ್ದ ನೋಡು, ನೀ ನಿಂತಲ್ಲೆ.”

ಇನ್ನೊಂದು ಸುತ್ತು. ನಾನು ಅರ್ಧ ಹೆಜ್ಜೆ ಅವನ ಕಡೆ ಎಳೆಯಲ್ಪಟ್ಟೆ. ಉಳಿದವರು ಎದ್ದು ನಿಂತಿದ್ದರು. ಅವರಲ್ಲಿ ನನಗೆ ಒಂದನೆಯ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದ ಮಾಸ್ತರರೂ ಇದ್ದರು. ಅವರು ತಮ್ಮ ಚಪ್ಪಲಿಯನ್ನು ನೋಡುತ್ತಿದ್ದರು. ಭುಜದ ಪಿನ್ನು ಚರ್ಮಕ್ಕೆ ಇಳಿದಿತ್ತು. ಆಗ ಆಯಿ ಬಂದಳು. ಮೇವು ಕೊಯ್ದು ಬರುತ್ತಿದ್ದವಳು ಹೊರೆಯನ್ನು ದಾರಿಯಲ್ಲಿ ಒಗೆದು ಓಡಿ ಬಂದಿದ್ದಳು. ಕೈಯಲ್ಲಿ ಕುಡುಗೋಲಿತ್ತು. ಅದನ್ನು ಅವಳು ಯಾರ ಮೇಲೂ ಎತ್ತಲಿಲ್ಲ. ನೇರ ನನ್ನ ಹತ್ತಿರ ಬಂದು, ಭುಜದ ಕೆಳಗೆ ಸೆರಗನ್ನು ಎಡಗೈಯಲ್ಲಿ ಬಿಗಿಹಿಡಿದು, ಕುಡುಗೋಲಿನಿಂದ ಪರಪರ ಕೊಯ್ದಳು. ಕೂಡಿದ ಜಾಗ ಹುಡುಕಲಿಲ್ಲ. ಕುಡುಗೋಲಿನ ತುದಿ ನನ್ನ ಕುತ್ತಿಗೆಯ ಪಕ್ಕದಲ್ಲೇ ಹೋಗಿ ಬರುತ್ತಿತ್ತು, ಅದಕ್ಕೆ ಹಸಿ ಹುಲ್ಲಿನ ವಾಸನೆ. ಕೆಂಪು ಸೆರಗು ಸಣ್ಣಗೌಡನ ಕೈಯಲ್ಲೇ ಉಳಿಯಿತು.

“ತಪ್ಪಾತ್ರಿ ಯಪ್ಪಾ. ತಿಳೀಲಾರದ ಹುಡುಗಿ. ನನ್ನ ತಪ್ಪು, ನಾ ಹೇಳಿಲ್ಲ ಅಕಿಗೆ,” ಎಂದು ಆಯಿ ಮಣ್ಣಿಗೆ ಹಣೆ ಹಚ್ಚಿದಳು. ಕಾಲಿಗೆ ಬೀಳಿಸಿಕೊಳ್ಳಲು ಒಲ್ಲದ ನನ್ನ ಆಯಿ.

ಈಗ ನಾನು ಬಾದಾಮಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ತಲೆ ಅರ್ಧ ಬೆಳ್ಳಗಾಗಿದೆ. ಕರಿಹಲಗೆಯ ಕಡೆ ತಿರುಗಿದಾಗ, ಬಸ್ಸಿನಲ್ಲಿ ಹಿಂದಿನವರ ಕೈ ತಗುಲಿದಾಗ, ಭುಜಕ್ಕೆ ತಾನಾಗಿ ಕೈ ಹೋಗುತ್ತದೆ. ಅವನು ಇನ್ನೊಂದು ಸುತ್ತು ಸುತ್ತಿಕೊಂಡಿದ್ದರೆ? ಆಯಿ ಅಂದು ಬೇರೆ ಹೊಲಕ್ಕೆ ಹೋಗಿದ್ದರೆ? ನಾನು ಆ ‘ಹರಕೆ’ ಎಂಬ ಮಾತು ಆಡದೆ ತಲೆ ತಗ್ಗಿಸಿ ಹೋಗಿದ್ದರೆ? ಲೆಕ್ಕವಿಲ್ಲದಷ್ಟು ಸಲ ಮನಸ್ಸಿನಲ್ಲೇ ಆ ಅಗಸಿಯನ್ನು ದಾಟಿದ್ದೇನೆ. ಪ್ರತಿ ಸಲವೂ ನಕ್ಕೇ ಉತ್ತರ ಕೊಡುತ್ತೇನೆ.

ಅಂದು ಮನೆಯೊಳಗೆ ಬಂದು ಕದ ಹಾಕಿ, ಆಯಿ ಜೋಳದ ಗಡಿಗೆಗೆ ಬೆನ್ನು ಕೊಟ್ಟು ಕೂತು ಎಲ್ಲ ಹೇಳಿದಳು. ಅವ್ವನೂ ಅಲ್ಲೇ ಇದ್ದಳು. ಮುತ್ಯಾ ಇಳಕಲ್ಲಿನಲ್ಲಿ ಬಣ್ಣಗಾರರಿಗೆ ಕಟ್ಟಿಗೆ ಹೊರುತ್ತಿದ್ದ. ಆಯಿ ಆರು ತಿಂಗಳ ಬಸುರಿಯಾಗಿದ್ದಾಗ, ಬಸುರಿಗೆ ಮಾಡುವ ಕುಬುಸದ ಕಾರ್ಯಕ್ಕೆಂದು ಒಂದು ರೇಷ್ಮೆ ಸೆರಗಿನ ಸೀರೆ ತಂದ. ನಮ್ಮ ಓಣಿಯ ಹೆಂಗಸರು ಅಗಸಿ ದಾಟುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕೆಂಬುದು ಊರ ಕಟ್ಟಳೆ; ರೇಷ್ಮೆಯ ಮಾತು ಯಾರೂ ಆಡಿರಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಯಾರೂ ತಂದಿರಲಿಲ್ಲ. ತವರಿನಿಂದ ಮರಳುವಾಗ ಆಯಿ ಅದನ್ನು ತಲೆತುಂಬ ಹೊದ್ದು ಮುತ್ಯಾನ ಹಿಂದೆ ಅಗಸಿ ದಾಟಿದಳು. ಅದೇ ಬಣ್ಣದ, ಅದೇ ಸಾಲಿನ ಸೀರೆ ಗೌಡರ ಹೆಂಡತಿಯ ಮೈಮೇಲೂ ಇತ್ತಂತೆ. ದೊಡ್ಡಗೌಡ, ಅಂದರೆ ಸಣ್ಣಗೌಡನ ತಂದೆ, ಕತ್ತರಿ ತರಿಸಿ ಮುತ್ಯಾನ ಕೈಗೆ ಕೊಟ್ಟ. ಹೆಂಡತಿಯ ಸೆರಗನ್ನು ನೀನೇ ಕತ್ತರಿಸು ಎಂದ.

“ಅಂವ ಏನಂದ ಗೊತ್ತೈತೇನು? ‘ಕದ್ದ ತಂದಿಲ್ರಿ ಗೌಡ್ರ, ದುಡದ ತಂದೇನಿ’ ಅಂದ. ಅಷ್ಟ. ಬೈದಿಲ್ಲ, ಕೈ ಎತ್ತಲಿಲ್ಲ. ನಾಕ ಮಂದಿ ಬಿದ್ರು ಮ್ಯಾಲ. ಬಡಿಗಿಲೆ ಸುರು ಮಾಡಿ ಕಲ್ಲಿಗೆ ಬಂದ್ರು. ನಾ ಹೊಟ್ಟಿ ಹಿಡಕೊಂಡ ನಿಂತಿದ್ದೆ.”

ಅವನು ಸಂಜೆಯವರೆಗೆ ಜೀವ ಹಿಡಿದಿದ್ದನಂತೆ. ಮರುದಿನ ಹಿರಿಯರು ಸೇರಿ ಚಕ್ಕಡಿಯಿಂದ ಬಿದ್ದನೆಂದು ಬಾಯಿ ಕಟ್ಟಿದರು. ಆಯಿಗೆ ಒಂದು ಮಾತು ಹೇಳಿದರು: ಈ ಮನೆಯಲ್ಲಿ ಇರಬೇಕೆಂದರೆ ಇರು, ಆದರೆ ಈ ಮನೆಯ ಹೆಣ್ಣು ಯಾವ ಕಾಲಕ್ಕೂ ಸೆರಗು ಹೊದೆಯಬಾರದು.

ಅವ್ವ ಎದ್ದು ನಿಂತಳು. ಅತ್ತೆಗೆ ಅವಳು ಎದುರಾಡಿದ್ದು ನಾನು ಅದೇ ಮೊದಲು ಕೇಳಿದ್ದು.

“ನನ್ನ ಕೈಲೆ ಎಳಿ ಹಿಡಿಸಿದ್ಯಲ್ಲ ಅತ್ತಿ, ಇಷ್ಟ ವರ್ಷ! ಗಂಡ ಸತ್ತ ಗಾಯಕ್ಕ ನನ್ನ ಕಡಿಂದ ಉದಿನಕಡ್ಡಿ ಹಚ್ಚಿಸಿದಿ. ಓಣ್ಯಾಗಿನ ಮೂರ ಮನಿ ಹೆಣ್ಮಕ್ಕಳು ತಾವಾಗೇ ಬಂದು ಕುತಿಗಿ ಕೊಟ್ಟಾರ. ಅವರಿಗೇನ ಹೇಳ್ಲಿ ನಾ? ದೇವ್ರಲ್ಲ, ದೊಡ್ಡಗೌಡ ಅಂತ ಹೇಳ್ಲ್ಯಾ?”

“ಹರಕಿ ಅಂದ್ರ ತಲಿ ಎತ್ತಿ ಮಾಡ್ತೀರಿ ಅಂದ್ಕೊಂಡೆ,” ಎಂದಳು ಆಯಿ. “ಅಂಜಿಕಿ ಅಂದಿದ್ರ ನನ್ನ ಮಗ ಹುಟ್ಟಿದಾಗಿಂದ ತಲಿ ತಗ್ಗಿಸ್ತಿದ್ದ.”

ಆಕೆಯ ಮಗ ಹೇಗಿದ್ದರೂ ತಲೆ ತಗ್ಗಿಸಿಯೇ ಇದ್ದ.

ಮುಂದಿನದಕ್ಕೆ ನಾನೇ ಕಾರಣ. ಕಾಲೇಜಿನಲ್ಲಿ ಸಂವಿಧಾನ ಓದಿದ್ದೆ, ಭಾಷಣಗಳನ್ನು ಕೇಳಿದ್ದೆ. ಒಂದು ಕೊಲೆ ಕೊಲೆಯೆಂದು ಒಂದು ಕಡೆಯಾದರೂ ದಾಖಲಾಗಬೇಕು, ಅದಕ್ಕೆ ಆಯಿಯ ಬಾಯಿಯೊಂದೇ ಉಳಿದಿದೆ ಎಂದು ತಲೆಯಲ್ಲಿ ಕೂತಿತು. ಅಪ್ಪನಿಗೆ ಹೇಳದೆ, ಕಣ್ಣು ತೋರಿಸುವ ನೆಪದಲ್ಲಿ ಆಯಿಯನ್ನು ಹುನಗುಂದಕ್ಕೆ ಒಬ್ಬ ವಕೀಲರ ಹತ್ತಿರ ಕರೆದೊಯ್ದೆ. ಆಯಿ ಹೆದರಿ ಹಿಂಜರಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ನಿಂತೇ ಹೇಳಿದಳು. ಯಾರು ಮೊದಲು ಹೊಡೆದರು, ಯಾವ ಕಲ್ಲು, ಮುತ್ಯಾ ಯಾವ ಮಗ್ಗುಲಿಗೆ ಬಿದ್ದ, ನೀರು ಕೇಳಿದಾಗ ಯಾರು ಕೊಡಬೇಡವೆಂದರು, ಎಲ್ಲವೂ ನಿನ್ನೆ ನಡೆದಷ್ಟು ಸ್ಪಷ್ಟ. ಮುಗಿಸಿ, “ಬರಕೊಂಡ್ರ್ಯಾ ಸಾಹೇಬ್ರ?” ಎಂದು ಕೇಳಿದಳು. ವಕೀಲರು ಏನೂ ಬರೆದುಕೊಂಡಿರಲಿಲ್ಲ. ನಮ್ಮವರೇ ಆದ ಮನುಷ್ಯ, ದಣಿದ ಮುಖ.

“ಹೊಡದವರೊಳಗ ಮೂರ ಮಂದಿ ತೀರ್ಯಾರ. ದೊಡ್ಡಗೌಡ ಹಾಸಿಗಿ ಹಿಡದಾನ. ಆಗ ಪಂಚನಾಮಿ ಆಗಿಲ್ಲ, ದವಾಖಾನಿ ಕಾಗದ ಇಲ್ಲ. ಕೋರ್ಟಿನ್ಯಾಗ ಇದು ನಿಲ್ಲೂದಿಲ್ಲ ತಂಗಿ. ಮುದುಕೀನ್ನ ಮನಿಗೆ ಕರಕೊಂಡ ಹೋಗು.”

“ನಿಲ್ಲದಿದ್ರ ಬ್ಯಾಡ್ರಿ. ಒಂದ ಅರ್ಜಿ ಕೊಡ್ರಿ ಸಾಕು,” ಎಂದು ಹಟ ಹಿಡಿದವಳು ನಾನು. ಅವರು ಕೊನೆಗೆ ಒಂದು ಅರ್ಜಿ ಬರೆದುಕೊಟ್ಟರು. ನಾನೇ ಹೋಗಿ ಪೊಲೀಸ್ ಠಾಣೆಯಲ್ಲಿ ಕೊಟ್ಟು ಬಂದೆ.

ನಾಲ್ಕು ದಿನದ ಮೇಲೆ ಊರಿಗೆ ಒಬ್ಬ ಹವಾಲ್ದಾರ ಬಂದ. ಮೋಟರ್‌ಸೈಕಲನ್ನು ವಾಡೆಯ ಮುಂದೆ ನಿಲ್ಲಿಸಿ ಒಳಗೆ ಹೋಗಿ, ಚಹಾ ಕುಡಿದು, ಹೋದ. ನಮ್ಮ ಓಣಿಯ ಕಡೆ ಬರಲೇ ಇಲ್ಲ. ಅಂದು ಮಧ್ಯಾಹ್ನ ಅಪ್ಪ ಕೀಲಿಯಿಲ್ಲದ ಹೆಗಲಿನಲ್ಲಿ ಮನೆಗೆ ಬಂದ. ಓಣಿಯ ನಳ ಒಣಗಿತು. ಒಂದು ದಿನ, ಎರಡು ದಿನ. ಹೆಂಗಸರು ಹಳ್ಳದ ಒರತೆಗೆ ಹೋಗಿ ಬರತೊಡಗಿದರು. ಮೂರನೆಯ ದಿನ, ಹರಕೆ ಹಿಡಿದ ಆ ಮೂರು ಮನೆಯವರು ಬಂದು ಪಡಸಾಲೆಯಲ್ಲಿ ಕೂತರು.

“ಏನ ಆಗಿತ್ತೋ ಆಗಿ ಹೋಗೇತಿ ಯವ್ವಾ. ಸತ್ತಂವ ಬರ್ತಾನೇನು? ನಮ್ಮ ಕೂಸುಗಳು ಕೆಸರ ಕುಡ್ಯಾಕ ಹತ್ಯಾವು.”

ಅವ್ವ ಅವರಿಗೆ ಹರಕೆಯ ಸತ್ಯ ಹೇಳುತ್ತಾಳೆ ಎಂದು ನಾನು ಕಾದಿದ್ದೆ. ಅವಳು ಹೇಳಲಿಲ್ಲ. ಮುಂದಿನ ದಸರೆಗೂ ಅವರ ಸೀರೆಗಳನ್ನು ಅವಳೇ ಹಿಡಿದುಕೊಟ್ಟಳು, ಕೆಂಪು ಎಳೆ ಕಿತ್ತು ಪಟಕ್ಕೆ ಏರಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, “ಈಗ ನನಗ ಅದು ಹರಕೀನ,” ಎಂದಳು.

ನಾಲ್ಕನೆಯ ದಿನ ಅಪ್ಪ ವಾಡೆಗೆ ಹೋಗಿ ಬಂದ. ಕೈಯಲ್ಲಿ ಒಂದು ಬಿಳಿ ಹಾಳೆ. ಅದನ್ನು ನನ್ನ ಮುಂದಿಟ್ಟು ಕೈ ಜೋಡಿಸಿದ. ತಂದೆ ಮಗಳಿಗೆ ಕೈ ಜೋಡಿಸುವುದನ್ನು ಯಾರೂ ನೋಡಬಾರದು.

“ನೀನ ಬರಿ ಸಾವಿತ್ರಿ. ನಿಮ್ಮ ಆಯಿಗೆ ತಲಿ ಸರಿ ಇಲ್ಲ ಅಂತ ಬರದು, ಅಕಿ ಹೆಬ್ಬಟ್ಟೂ ಒತ್ತಿಸಿ ಕೊಟ್ರ ಮುಗೀತು ಅಂದಾರ. ನಿನ್ನ ಅಕ್ಷರ ಚಂದ ಅದಾವು.”

ಒಲ್ಲೆ ಎಂದೆ. ಅಪ್ಪ ಜೋಡಿಸಿದ ಕೈ ಇಳಿಸಲಿಲ್ಲ. ಹೊರಗೆ ಹಳ್ಳದಿಂದ ಬರುವವರ ಕೊಡಗಳು ಒಂದಕ್ಕೊಂದು ತಾಗುವ ಸಪ್ಪಳ. ಪೆನ್ನು ತೆಗೆದುಕೊಂಡೆ. ವಾಡೆಯವರು ಬಾಯಿಪಾಠ ಮಾಡಿಸಿದ್ದನ್ನು ಅಪ್ಪ ಹೇಳಿದ, ನಾನು ಬರೆದೆ: ನನ್ನ ತಾಯಿ ಯಮನವ್ವ ಇವಳಿಗೆ ಬಹಳ ದಿನಗಳಿಂದ ಬುದ್ಧಿಭ್ರಮಣೆಯಾಗಿದ್ದು, ಊರ ಹಿರಿಯರ ಬಗ್ಗೆ ಇಲ್ಲಸಲ್ಲದ ಮಾತು ಆಡುತ್ತಿದ್ದು, ಅವುಗಳನ್ನು ನಂಬಬಾರದಾಗಿ ವಿನಂತಿ. ಆಯಿ ಹೊಸ್ತಿಲ ಹತ್ತಿರ ಕೂತು ಮೊರದಲ್ಲಿ ಜೋಳ ಕೇರುತ್ತಿದ್ದಳು.

“ಓದು,” ಎಂದಳು.

ಓದಿದೆ. ಅವಳು ಮೊರ ಕೆಳಗಿಟ್ಟಳು.

“ಇಲ್ಲಸಲ್ಲದ ಮಾತು ಯಾವುದಂತ ಬರದಿಲ್ಲಲ್ಲ? ಹುಚ್ಚಿ ಏನಂತಾಳ ಅನ್ನೂದನ್ನರ ಬರಿ.”

“ಯವ್ವಾ, ಒಪ್ಪೂದಿಲ್ಲಬೇ ಅವರು,” ಎಂದ ಅಪ್ಪ.

“ಹುಚ್ಚಿ ಅಂತ ನಾ ಒಪ್ಪೇನಿ. ಇಷ್ಟ ಅವರು ಒಪ್ಲಿ.”

ಸಾಲುಗಳ ನಡುವೆ ಜಾಗ ಮಾಡಿ ಸಣ್ಣ ಅಕ್ಷರಗಳಲ್ಲಿ ಸೇರಿಸಿದೆ: ತನ್ನ ಗಂಡ ಹಣಮಪ್ಪನನ್ನು ಅಗಸಿಯ ಮುಂದೆ ಹೊಡೆದು ಕೊಂದರು ಎಂಬ ಮಾತು. ಆಯಿ ಎಲ್ಲಿದೆ ಎಂದು ಕೇಳಿ, ನಾನು ತೋರಿಸಿದ ಸಾಲಿನ ಮೇಲೆ ಬೆರಳಿಟ್ಟಳು. ಓದು ಬಾರದವಳು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೆಬ್ಬೆಟ್ಟು ಒತ್ತಿದಳು. ಮುತ್ಯಾನನ್ನು ಕೊಂದರೆಂದು ನಮ್ಮೂರಿನಲ್ಲಿ ಬರೆದ ಕಾಗದ ಅದೊಂದೇ.

ಅಪ್ಪ ಅದನ್ನು ಮಡಚಿಕೊಂಡು ಹೋದ, ಒಂದು ತಾಸಿನಲ್ಲಿ ಮರಳಿ ಬಂದ. ಕಾಗದ ಇರಲಿಲ್ಲ. ಹೊಸ ಹಾಳೆ ಇತ್ತು. ನಾನು ಮೊದಲಿನಿಂದ ಮತ್ತೆ ಬರೆದೆ, ಆ ಸಾಲು ಬಿಟ್ಟು. ನಡುವೆ ಸೇರಿಸುವುದೇನೂ ಇರಲಿಲ್ಲವಾದ್ದರಿಂದ ಅಕ್ಷರಗಳು ಇನ್ನೂ ಚಂದ ಬಂದವು. ಈ ಸಲ ಆಯಿ ಓದಲು ಹೇಳಲಿಲ್ಲ. ಮೊರದಿಂದ ಕಣ್ಣೆತ್ತದೆ ಹೆಬ್ಬೆರಳನ್ನು ನನ್ನ ಕಡೆ ಚಾಚಿದಳು. ಅದನ್ನು ಹಿಡಿದು ಒತ್ತಿಸಿದವಳು ನಾನೇ.

ಮರುದಿನ ಮುಂಜಾನೆ ಓಣಿಯ ನಳಕ್ಕೆ ನೀರು ಬಂತು.